ಮಳೆನಾಡಿನಲ್ಲಿ ಹೈಬ್ರಿಡ್ ಹಾಸಿಗೆ: ಬೆನ್ನಿಗೆ ಹಿತವೇ, ಬೆಲೆಗೆ ತಕ್ಕುದೇ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ನೆಲೆಸಿರುವ ನಮ್ಮ ಮಠದ ಸದ್ಭಕ್ತರ ಮನೆಗಳಿಗೆ ಈಚಿನ ವರ್ಷಗಳಲ್ಲಿ ಹೊಸ ಬಗೆಯ ಹಾಸಿಗೆಯೊಂದು ಬರತೊಡಗಿದೆ. ಗಾಳಿ ಹಿಂಡಿ, ಸುರುಳಿ ಸುತ್ತಿ, ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ ಬರುವ ಇದನ್ನು ಬಿಚ್ಚಿ ಹರಡಿದರೆ ಕೆಲವು ಗಂಟೆಗಳಲ್ಲಿ ಎಂಟು ಹತ್ತು ಅಂಗುಲ ದಪ್ಪಕ್ಕೆ ಉಬ್ಬಿ ನಿಲ್ಲುತ್ತದೆ. ಹೈಬ್ರಿಡ್ ಮೆಮೊರಿ ಫೋಮ್ ಹಾಸಿಗೆ ಎಂದು ಇದರ ಹೆಸರು. ಇಬ್ಬರು ಮಲಗುವ ಅಳತೆಯದಕ್ಕೆ 15,000 ರೂಪಾಯಿಯಿಂದ 40,000 ರೂಪಾಯಿಯವರೆಗೂ ಬೆಲೆಯಿದೆ. ಬಹುಮಟ್ಟಿಗೆ ಇದು ಬೆಂಗಳೂರಿನಲ್ಲಿ ದುಡಿಯುವ ಮಗನೋ ಮಗಳೋ ಊರಿನಲ್ಲಿರುವ ತಂದೆತಾಯಿಯರ ಬೆನ್ನುನೋವಿನ ಮಾತು ಕೇಳಿ ಮರುಗಿ ಕಳುಹಿಸಿದ್ದು. ಆ ಪ್ರೀತಿಯನ್ನು ಅಳೆಯುವುದು ಈ ಬರಹದ ಕೆಲಸವಲ್ಲ. ಹಾಸಿಗೆಯನ್ನು ಮಾತ್ರ ಅಳೆಯಬೇಕಾಗಿದೆ. ಅದೂ ಬೆಂಗಳೂರಿನ ಹವೆಯಲ್ಲಲ್ಲ, ಆಟಿ ತಿಂಗಳ ಸುಳ್ಯದಲ್ಲಿ. ಹಾಗೆ ಅಳೆದಾಗ ಇದು ಕೆಲವರಿಗೆ ಯೋಗ್ಯ, ಹಲವರಿಗೆ ಅನಗತ್ಯ ಎಂಬುದು ನನ್ನ ಅಭಿಪ್ರಾಯ.

ಮೊದಲು ಇದರ ಒಳಗೇನಿದೆ ಎಂಬುದನ್ನು ತಿಳಿಯೋಣ. ಮೆಮೊರಿ ಫೋಮ್ ಹುಟ್ಟಿದ್ದು ಮಲಗುವುದಕ್ಕಾಗಿ ಅಲ್ಲ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಏಮ್ಸ್ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಆಸನಗಳಿಗೆಂದು ಇದನ್ನು ರೂಪಿಸಿದರು. ಅಪಘಾತದ ಆಘಾತವನ್ನು ಆಸನವೇ ಹೀರಿಕೊಳ್ಳಲಿ ಎಂಬುದು ಉದ್ದೇಶವಾಗಿತ್ತು. ಮೈಯ ಬಿಸಿ ತಾಕಿದಲ್ಲಿ ಮೆತ್ತಗಾಗುವುದು, ಭಾರ ಬಿದ್ದಲ್ಲಿ ನಿಧಾನವಾಗಿ ತಗ್ಗುವುದು, ಭಾರ ಸರಿದ ಮೇಲೆ ನಿಧಾನವಾಗಿಯೇ ಏಳುವುದು ಇದರ ಗುಣ. ಭುಜ, ಸೊಂಟ, ಹಿಮ್ಮಡಿಗಳ ಮೇಲಿನ ಒತ್ತಡ ಇದರಿಂದ ಹಂಚಿಹೋಗುತ್ತದೆ. ಹೈಬ್ರಿಡ್ ಎಂದರೆ ಈ ಫೋಮಿನ ಒಂದೆರಡು ಪದರಗಳ ಕೆಳಗೆ ಸ್ಪ್ರಿಂಗುಗಳ ಪದರವಿರುವ ಹಾಸಿಗೆ. ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹೊಲಿದಿರುವುದರಿಂದ, ಪಕ್ಕದಲ್ಲಿ ಮಲಗಿದವರು ಹೊರಳಿದರೆ ಅದರ ಅಲುಗಾಟ ಇತ್ತ ಅಷ್ಟಾಗಿ ತಲಪುವುದಿಲ್ಲ. ರಾತ್ರಿ ಮೂರು ನಾಲ್ಕು ಬಾರಿ ಎದ್ದು ಹೋಗಬೇಕಾದ ಹಿರಿಯರಿರುವ ಮನೆಯಲ್ಲಿ ಇದು ಸಣ್ಣ ಅನುಕೂಲವೇನಲ್ಲ.

ಬೆನ್ನುನೋವಿಗೆ ಗಟ್ಟಿ ಹಾಸಿಗೆಯೇ ಮದ್ದು, ಹಲಗೆಯ ಮೇಲೆ ಮಲಗಬೇಕು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಸ್ಪೇನ್ ದೇಶದ ಅಧ್ಯಯನವೊಂದು ಇದನ್ನು ಒರೆಗೆ ಹಚ್ಚಿತು. ದೀರ್ಘಕಾಲದ ಸೊಂಟನೋವಿದ್ದ 313 ಮಂದಿಯಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆಯನ್ನೂ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆಯನ್ನೂ ಕೊಟ್ಟು 90 ದಿನ ಗಮನಿಸಿದರು. ಮಧ್ಯಮ ಹಾಸಿಗೆಯವರಿಗೆ ಮಲಗಿದಾಗಿನ ನೋವಿನಲ್ಲಿಯೂ ದಿನದ ಕೆಲಸಗಳಿಗೆ ಆಗುತ್ತಿದ್ದ ಅಡಚಣೆಯಲ್ಲಿಯೂ ಹೆಚ್ಚಿನ ಉಪಶಮನ ಕಂಡುಬಂದಿತು. ಆದುದರಿಂದ ಹಲಗೆಯೂ ಬೇಡ, ಮುಳುಗಿಹೋಗುವ ಮೆತ್ತೆಯೂ ಬೇಡ. ಹೈಬ್ರಿಡ್ ಹಾಸಿಗೆಗಳಲ್ಲಿ ಮಧ್ಯಮ ಗಟ್ಟಿತನದವು ಸುಲಭವಾಗಿ ದೊರೆಯುತ್ತವೆ ಎಂಬುದು ಅವುಗಳ ಪರವಾದ ಮಾತು. ‘ಆರ್ಥೋಪೆಡಿಕ್’ ಎಂಬ ಅಚ್ಚೊತ್ತಿದ ಪದಕ್ಕೆ ಮಾತ್ರ ಮರುಳಾಗಬಾರದು. ಅದು ವ್ಯಾಪಾರದ ಪದ, ವೈದ್ಯರ ಚೀಟಿಯಲ್ಲ.

ನಮ್ಮವರಿಗೆ ಇನ್ನೊಂದು ಪರೀಕ್ಷೆ ಮನೆಯಲ್ಲೇ ಇದೆ. ಬೆಳಗಿನ ಜಾವ ಮಿಂದು, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ಬೆನ್ನು ನೇರವಾಗಿಸಿ ಕುಳಿತಾಗ ಸೊಂಟ ಎಷ್ಟು ಹೊತ್ತು ಸಹಕರಿಸುತ್ತದೆ ಎಂಬುದನ್ನು ಹದಿನೈದು ದಿನ ಗಮನಿಸಿರಿ. ಮೊದಲು ಕಾಲು ಗಂಟೆಗೇ ಬಿಗಿಯುತ್ತಿದ್ದ ಸೊಂಟ ಈಗ ಅರ್ಧ ಗಂಟೆ ತಾಳಿದರೆ ಹಾಸಿಗೆ ಹೊಂದಿದೆಯೆಂದು ತಿಳಿಯಬಹುದು. ಅಂಗಡಿಯಲ್ಲಿ ಎರಡು ನಿಮಿಷ ಒರಗಿ ನೋಡುವುದರಿಂದ ಇದು ತಿಳಿಯದು.

ಇನ್ನು ಮಳೆಯ ಮಾತು. ನಮ್ಮ ಭಕ್ತರಲ್ಲಿ ಅನೇಕರು ಶಿಕ್ಷಕರಾಗಿ, ಬ್ಯಾಂಕಿನವರಾಗಿ, ಸರ್ಕಾರಿ ನೌಕರರಾಗಿ ಬಯಲುಸೀಮೆಯಿಂದ ಇಲ್ಲಿಗೆ ಬಂದವರು. ವಿಜಯಪುರದ ಕಡೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ. ದಕ್ಷಿಣ ಕನ್ನಡದಲ್ಲಿ ಸುಮಾರು 4,000. ಅಲ್ಲಿ ಕೌದಿಯನ್ನು ಬೆಳಿಗ್ಗೆ ಮಾಳಿಗೆಯ ಮೇಲೆ ಹರಡಿದರೆ ಮಧ್ಯಾಹ್ನಕ್ಕೆ ಗರಿಗರಿ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನು ನಂಬಿ ಏನನ್ನೂ ಹೊರಗೆ ಹಾಕುವಂತಿಲ್ಲ. ಈ ಸೀಮೆಯ ಹಳೆಯ ಮನೆಗಳಲ್ಲಿ ಓಲೆಯ ಚಾಪೆಯೂ ಬೂರುಗದ ಹತ್ತಿಯ ತೆಳು ಹಾಸಿಗೆಯೂ ಇದ್ದುದಕ್ಕೆ ಬಡತನ ಒಂದೇ ಕಾರಣವಲ್ಲ. ಸುತ್ತಿಡಬಹುದು, ಎತ್ತಿ ಒಲೆಯ ಬಳಿ ಒಣಗಿಸಬಹುದು, ಕೆಟ್ಟರೆ ಬಿಚ್ಚಿ ಮತ್ತೆ ತುಂಬಬಹುದು. ಮೂವತ್ತು ನಲವತ್ತು ಕಿಲೋ ತೂಗುವ ಹೈಬ್ರಿಡ್ ಹಾಸಿಗೆಯನ್ನು ಅರುವತ್ತು ದಾಟಿದ ದಂಪತಿಗಳು ಅಂಗಳಕ್ಕೆ ಹೊತ್ತು ತರುವುದುಂಟೇ?

ಮಲಗಿದವರ ಚರ್ಮದಿಂದಲೂ ಉಸಿರಿನಿಂದಲೂ ಒಂದು ರಾತ್ರಿಯಲ್ಲಿ ಒಂದು ಲೋಟದಷ್ಟು ತೇವ ಹೊರಬರುತ್ತದೆ. ಅದರಲ್ಲೊಂದು ಪಾಲು ಹಾಸಿಗೆಗೆ ಇಳಿಯುತ್ತದೆ. ಒಣ ಹವೆಯಲ್ಲಿ ಹಗಲು ಆರಿಹೋಗುವ ಈ ತೇವ, ಗಾಳಿಯೇ ತೊಯ್ದಂತಿರುವ ತಿಂಗಳುಗಳಲ್ಲಿ ಅಲ್ಲಿಯೇ ಉಳಿಯುತ್ತದೆ. ಬೂಷ್ಟಿಗೂ ಧೂಳಿನ ನುಸಿಗೂ ಬೇಕಾದುದು ಇದೇ. ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಈ ನುಸಿ ಗಾಳಿಯ ತೇವಾಂಶ ಶೇಕಡಾ 70 ದಾಟಿದಲ್ಲಿ ಚೆನ್ನಾಗಿ ಬೆಳೆಯುತ್ತದೆ. ಅದರ ಹಿಕ್ಕೆಯ ಪುಡಿ ಅಲರ್ಜಿಯಿರುವವರಲ್ಲಿ ಸೀನು, ಮೂಗು ಕಟ್ಟುವಿಕೆ, ದಮ್ಮುಗಳನ್ನು ಕೆರಳಿಸುತ್ತದೆ. ಬೆಳಗಿನ ಸೀನು ಮಳೆಗಾಲದ ಶೀತವೆಂದು ಭಾವಿಸಿ ಕಷಾಯ ಕುಡಿಯುವವರು ಒಮ್ಮೆ ಹಾಸಿಗೆಯ ಅಡಿಭಾಗವನ್ನು ಎತ್ತಿ ನೋಡುವುದು ಒಳ್ಳೆಯದು.

ಈ ದೃಷ್ಟಿಯಿಂದ ಪೂರ್ತಿ ಮೆಮೊರಿ ಫೋಮಿನ ಹಾಸಿಗೆಗಿಂತ ಹೈಬ್ರಿಡ್ ನಿಶ್ಚಯವಾಗಿಯೂ ಮೇಲು. ಫೋಮು ಮೈಯನ್ನು ತಬ್ಬಿಕೊಂಡು ಶಾಖವನ್ನು ಹಿಡಿದಿಡುತ್ತದೆ; ಏಪ್ರಿಲ್ ಮೇ ತಿಂಗಳ ಪುತ್ತೂರಿನಲ್ಲಿ, ಅದರಲ್ಲಿಯೂ ಕರೆಂಟು ಹೋದ ರಾತ್ರಿಯಲ್ಲಿ, ಅದರ ಮೇಲೆ ಮಲಗುವುದೇ ಒಂದು ಸೆಕೆ. ಹೈಬ್ರಿಡ್‌ನಲ್ಲಿ ಸ್ಪ್ರಿಂಗುಗಳ ನಡುವೆ ಗಾಳಿಯಾಡುತ್ತದೆ. ಆದರೆ ಆ ಗಾಳಿಗೆ ಒಳಬರುವ ದಾರಿ ಬೇಕಲ್ಲವೇ? ಪೆಟ್ಟಿಗೆಯಂತೆ ಮುಚ್ಚಿದ ಪ್ಲೈವುಡ್ ಮಂಚದ ಮೇಲೆ, ಅಥವಾ ನೇರವಾಗಿ ಟೈಲ್ಸ್ ನೆಲದ ಮೇಲೆ ಹಾಸಿದರೆ ಸ್ಪ್ರಿಂಗಿನ ಪದರದಿಂದ ಏನು ಫಲ? ಹಲಸಿನ ಮರದ್ದೋ ಮತ್ತಾವುದರದ್ದೋ, ಎರಡಂಗುಲ ಸಂದು ಬಿಟ್ಟು ಪಟ್ಟಿ ಜೋಡಿಸಿದ ಮಂಚವಿಲ್ಲದ ಮನೆಗೆ ಹೈಬ್ರಿಡ್ ಹಾಸಿಗೆ ತರಬಾರದೆಂದೇ ಹೇಳುತ್ತೇನೆ. ಕೊಳೆಯಾಗದಿರಲೆಂದು ಬಂದಾಗಿನ ಪ್ಲಾಸ್ಟಿಕ್ ಹೊದಿಕೆಯನ್ನು ತೆಗೆಯದೆ ಇರುವ ಪದ್ಧತಿಯಂತೂ ಹಾಸಿಗೆಗೂ ಶ್ವಾಸಕೋಶಕ್ಕೂ ಶತ್ರು. ಕೊಳ್ಳುವಾಗ ಮೇಲಿನ ಮೆಮೊರಿ ಪದರ ಎರಡಂಗುಲ ಮೀರದಿರಲಿ, ಅದರ ಸಾಂದ್ರತೆ ಘನ ಮೀಟರಿಗೆ 50 ಕಿಲೋ ಆಸುಪಾಸು ಇರಲಿ, ಹೊರಗಿನ ಬಟ್ಟೆ ಜಿಪ್ ತೆಗೆದು ಒಗೆಯುವಂತಿರಲಿ. ಸಾಂದ್ರತೆ ಹೇಳಲು ಹಿಂಜರಿಯುವ ಮಾರಾಟಗಾರನಿಂದ ಕೊಳ್ಳದಿರುವುದೇ ಲೇಸು.

ಬೆಲೆಯ ಲೆಕ್ಕಕ್ಕೆ ಬರೋಣ. 24,000 ರೂಪಾಯಿಯ ಹಾಸಿಗೆ ಎಂಟು ವರ್ಷ ಬಾಳಿದರೆ ರಾತ್ರಿಗೆ ಎಂಟು ರೂಪಾಯಿ ಚಿಲ್ಲರೆ. ಇಬ್ಬರಿಗೆ ಹಂಚಿದರೆ ತಲೆಗೆ ನಾಲ್ಕು. ಇದು ದುಬಾರಿಯಲ್ಲ. ಅದೇ ಹಾಸಿಗೆ ಮೂರನೆಯ ಮಳೆಗಾಲಕ್ಕೆ ಬೂಷ್ಟು ಹಿಡಿದು ಹೊರಬಿದ್ದರೆ ರಾತ್ರಿಗೆ 22 ರೂಪಾಯಿ. ರಬ್ಬರ್ ಹಾಕಿ ಗಟ್ಟಿಗೊಳಿಸಿದ ತೆಂಗಿನ ನಾರಿನ ಹಾಸಿಗೆಯೊಂದು 9,000 ರೂಪಾಯಿಗೆ ಸಿಕ್ಕು ಐದು ವರ್ಷ ನಿಂತರೆ ರಾತ್ರಿಗೆ ಐದೇ ರೂಪಾಯಿ. ಮೇಲೆ ತೆಳುವಾದ ಹತ್ತಿಯ ಹಾಸು ಹಾಕಿದರೆ ಆರೋಗ್ಯವಂತರಿಗೆ ಅದು ಸಾಲದೆಂದು ನನಗೆ ತೋರುವುದಿಲ್ಲ. ಹತ್ತು ವರ್ಷದ ವಾರಂಟಿ ಇದೆಯಲ್ಲ ಎನ್ನುವವರು ಅದರ ಸಣ್ಣಕ್ಷರಗಳನ್ನು ಓದಬೇಕು. ಸಾಮಾನ್ಯವಾಗಿ ಅದು ಒಂದಂಗುಲದಷ್ಟು ಕುಸಿತಕ್ಕೆ ಅನ್ವಯಿಸುತ್ತದೆಯೇ ಹೊರತು ತೇವ, ಕಲೆ, ಬೂಷ್ಟುಗಳಿಗಲ್ಲ. ಅಂದರೆ ನಮ್ಮ ಸೀಮೆಯ ಮುಖ್ಯ ಅಪಾಯಕ್ಕೇ ಅದರಲ್ಲಿ ರಕ್ಷಣೆಯಿಲ್ಲ.

ನೂರು ರಾತ್ರಿ ಮಲಗಿ ನೋಡಿ, ಹಿಡಿಸದಿದ್ದರೆ ಹಿಂತಿರುಗಿಸಿ ಎಂದು ಅನೇಕ ಕಂಪನಿಗಳು ಹೇಳುತ್ತವೆ. ಒಳ್ಳೆಯ ಸೌಲಭ್ಯವೇ. ಆದರೆ ರಿಯಾಯಿತಿ ಮಾರಾಟಗಳು ದೀಪಾವಳಿಗೋ ಜನವರಿಗೋ ಬರುತ್ತವೆ; ಆಗ ಕೊಂಡರೆ ನೂರು ರಾತ್ರಿಗಳು ಒಣ ಹವೆಯಲ್ಲೇ ಕಳೆದುಹೋಗುತ್ತವೆ. ಜೂನ್ ಮೊದಲ ವಾರ ತರಿಸಿದರೆ ಪರೀಕ್ಷೆಯ ಅವಧಿ ಸೆಪ್ಟೆಂಬರ್‌ವರೆಗೆ ನಡೆಯುತ್ತದೆ, ನಿಜವಾದ ಪರೀಕ್ಷೆಯೂ ಆಗುತ್ತದೆ. ಸುಬ್ರಹ್ಮಣ್ಯದಾಚೆಯ ಹಳ್ಳಿಯಿಂದ ಅದನ್ನು ಒಯ್ಯಲು ವಾಹನ ಬರುವುದೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಬೇಕು. ಇದಕ್ಕಿಂತ ಕಠಿಣವಾದುದು ಬಾಯಿಬಿಟ್ಟು ಹೇಳುವುದು. ಮಗ ಕಳುಹಿಸಿದ್ದಾನೆ, ಬೇಸರಪಡಿಸಬಾರದು ಎಂದು ಅವಧಿ ಮುಗಿಯುವವರೆಗೂ ಸುಮ್ಮನಿದ್ದು, ಆಮೇಲೆ ಅಪ್ಪ ಜಗಲಿಯ ಚಾಪೆಗೆ, ಅಮ್ಮ ಹಳೆಯ ಹಾಸಿಗೆಗೆ ಮರಳುವ ಮನೆಗಳಿವೆ. ಮಕ್ಕಳೇ ಮೂರನೆಯ ವಾರ ಫೋನು ಮಾಡಿ “ಮಗ್ಗುಲು ಬದಲಿಸಲು ಕಷ್ಟವಾಗುತ್ತದೆಯೇ, ಏಳುವಾಗ ಕೈ ಊರಬೇಕಾಗುತ್ತದೆಯೇ” ಎಂದು ಬಿಡಿಸಿ ಕೇಳಬೇಕು. ಮಂಡಿನೋವಿನವರಿಗೂ ಕೈಕಾಲಿನ ಶಕ್ತಿ ಕುಂದಿದವರಿಗೂ ಮೈ ಮುಳುಗುವ ಫೋಮಿನಿಂದ ಏಳುವುದು ನಿಜಕ್ಕೂ ಶ್ರಮ. ಹಾಸಿಗೆಯ ಅಂಚು ಗಟ್ಟಿಯಾಗಿ, ಕುಳಿತಾಗ ಪಾದ ನೆಲಕ್ಕೆ ಊರುವ ಎತ್ತರದಲ್ಲಿರಬೇಕು.

ಹಾಸಿಗೆ ಹಿಡಿದವರಿಗೆ ಹುಣ್ಣಾಗದಿರಲೆಂದು ಇದನ್ನು ತರಿಸುವವರಿದ್ದಾರೆ. ಒತ್ತಡ ತುಸು ಕಡಿಮೆಯಾದೀತು, ಆದರೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವ ಸೇವೆಗೆ ಇದು ಬದಲಿಯಲ್ಲ. ಒಂದು ವರ್ಷದೊಳಗಿನ ಕೂಸನ್ನು ಇಂತಹ ಮೆತ್ತನೆಯ ಹಾಸಿಗೆಯ ಮೇಲೆ ಮಲಗಿಸಲೇಬಾರದು; ಮಗುಚಿದರೆ ಉಸಿರು ಕಟ್ಟುವ ಅಪಾಯವಿದೆ. ಕಾಲು ಜೋಮು ಹಿಡಿಯುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರದೊಂದಿಗೆ ಬೆನ್ನುನೋವು, ಇವು ಹಾಸಿಗೆಯ ಅಂಗಡಿಗಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸೂಚನೆಗಳು. ಅಡಿಕೆಯ ಅಂಗಳದಲ್ಲಿ ದಿನವಿಡೀ ಬಗ್ಗಿ ಹೆಕ್ಕುವವರ, ಗೊಬ್ಬರದ ಬುಟ್ಟಿ ಹೊರುವವರ ನೋವು ಹಗಲಿನದು; ರಾತ್ರಿಯ ಹಾಸಿಗೆಯಿಂದ ಅದು ಅರ್ಧವೂ ತೀರದು.

ಸುಳ್ಯದ ರಬ್ಬರ್ ತೋಟಗಳಲ್ಲಿ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ನೆಲೆಸಿದ ತಮಿಳು ಕುಟುಂಬಗಳವರು ಬೆಳಗಾಗುವ ಮೊದಲೇ ಎದ್ದು ಮರ ಗೀರುತ್ತಾರೆ. ಆ ರಬ್ಬರಿನ ಹಾಲಿನಿಂದಲೇ ಲ್ಯಾಟೆಕ್ಸ್ ಹಾಸಿಗೆಯೂ ಆಗುತ್ತದೆ. ಬೆಲೆ ಹೈಬ್ರಿಡ್‌ಗಿಂತ ಹೆಚ್ಚು, ಬಾಳಿಕೆಯೂ ಹೆಚ್ಚು, ಒಳಗೆ ತೂತುಗಳಿರುವುದರಿಂದ ಗಾಳಿಯೂ ಆಡುತ್ತದೆ. ಶಕ್ತರು ಅದನ್ನೂ ವಿಚಾರಿಸಬಹುದು. ಗೀರುವವರ ಮನೆಗೆ ಅದು ತಲಪುವುದಿಲ್ಲ ಎಂಬುದು ಬೇರೆ ಮಾತು.

ಈಗಾಗಲೇ ಹೈಬ್ರಿಡ್ ಹಾಸಿಗೆ ತಂದವರು, ಮಂಚ ಪ್ಲೈವುಡ್ಡಿನದಾದರೆ, ಬಡಗಿಯನ್ನು ಕರೆಸಿ ಅದರ ಹಲಗೆಗೆ ಅಂಗುಲದಗಲದ ರಂಧ್ರಗಳನ್ನು ಸಾಲಾಗಿ ಕೊರೆಸಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಹಾಸಿಗೆಯ ಒಂದು ಬದಿಯನ್ನು ಎತ್ತಿ ಎರಡು ದಿಂಬು ಕೊಟ್ಟು, ಅರ್ಧ ದಿನ ಫ್ಯಾನ್ ಹಾಕಿ ಬಿಡಲಿ. ಬೆಳಿಗ್ಗೆ ಎದ್ದ ಕೂಡಲೇ ಹೊದಿಕೆ ಎಳೆದು ಅಂದಗೊಳಿಸದೆ, ಪೂಜೆ ಮುಗಿಯುವವರೆಗೆ ತೆರೆದಿಡಲಿ.