ಅವ್ವನ ಓಟು ಎಲ್ಲಿ ಹೋತು?

ನಮ್ಮ ಮನ್ಯಾಗ ಇಬ್ಬರು ಸಾಲಿ ಕಲಿಸೋರು. ಅವ್ವ ಕನ್ನಡ ಸಾಲ್ಯಾಗ ಒಂದನೇತ್ತಕ್ಕ, ಕಾಕಾ ಹೈಸ್ಕೂಲಿನ್ಯಾಗ ಗಣಿತ. ಆರು ವರ್ಷಕ್ಕೊಮ್ಮೆ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣಿ ಬಂತಂದ್ರ ಕಾಕಾಗ ಫೋನೇನು, ಕಾರ್ಡೇನು, ಮನಿತನಕ ಬಂದು ಕೈ ಮುಗಿಯೋ ಮಂದಿ ಏನು! ಬಂದವರಿಗೆಲ್ಲಾ ಚಹಾ ಮಾಡಾಕಿ ಅವ್ವ. ಒಮ್ಮೆ ಒಬ್ಬರು "ಅಕ್ಕಾರ, ನೀವೂ ಟೀಚರಂತಲ್ಲ, ನಿಮ್ಮದೂ ಒಂದು ಓಟು ನಮಗ ಇರ್ಲಿ" ಅಂದ್ರು. ಪ್ರೈಮರಿ ಅಂತ ಗೊತ್ತಾದ ಕೂಡ್ಲೆ ಕೈಯಾಗಿನ ಕಾರ್ಡು ತಿರುಗಿ ಕಿಸೆದಾಗ ಹೋತು.

ನಮ್ಮ ಕಡೆ ಈ ಕ್ಷೇತ್ರ ಅಂದ್ರ ಬಸವರಾಜ ಹೊರಟ್ಟಿಯವರು. ದೈಹಿಕ ಶಿಕ್ಷಕರಾಗಿದ್ದವರು 1980ರಾಗ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಆರಿಸಿ ಬಂದ್ರು, 2022ರ ಜೂನ್‌ನ್ಯಾಗ ಎಂಟನೇ ಸಲ. ನಡುವ ಶಿಕ್ಷಣ ಮಂತ್ರಿ ಆದ್ರು, ಸಭಾಪತಿ ಆದ್ರು. ಕಡೀ ಸಲ ಜೆಡಿಎಸ್ ಬಿಟ್ಟು ಬಿಜೆಪಿಯಿಂದ ನಿಂತ್ರೂ ಗೆದ್ರು. ಪಕ್ಷ ಬದಲಿ ಮಾಡಿದ್ದು ನನಗ ಅಷ್ಟೇನೂ ಹಿಡಸಲಿಲ್ಲ. ಆದ್ರ ಇವತ್ತಿನ ತಕರಾರು ಅದಲ್ಲ, ಮತದಾರರ ಪಟ್ಟೀದು.

ಸಂವಿಧಾನದ 171ನೇ ವಿಧಿ ಪ್ರಕಾರ ಮೇಲ್ಮನೆಯ ಹನ್ನೆರಡರಾಗ ಒಂದು ಪಾಲು ಸದಸ್ಯರನ್ನ ಶಿಕ್ಷಕರು ಆರಿಸಬೇಕು. ನಮ್ಮ ರಾಜ್ಯದಾಗ 75ಕ್ಕ 7 ಸೀಟು. ಆದ್ರ ಮಾಧ್ಯಮಿಕ ಶಾಲೆಗಿಂತ ಕೆಳಗ ಕಲಿಸೋರು ಈ ಲೆಕ್ಕಕ್ಕ ಬರೂದಿಲ್ಲ. 2022ರಾಗ ಹೊರಟ್ಟಿಯವರ ಎದುರು ಕಾಂಗ್ರೆಸ್ಸಿಂದ ನಿಂತವರು ಬಸವರಾಜ ಗುರಿಕಾರ, ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದ ಮುಖಂಡರು. ನೋಡ್ರಿ ಮಜಾ, ಅವರ ಸಂಘದ ಮಂದಿಗೇ ಅವರಿಗೆ ಓಟು ಹಾಕಲಿಕ್ಕೆ ಬರೂದಿಲ್ಲ!

ಕಾಕಾನ ವಾದ ಬ್ಯಾರೆ. ಪ್ರೈಮರಿಯವರು ಭಾಳ ಮಂದಿ, ಅವರನ್ನ ಸೇರಿಸಿದ್ರ ಹೈಸ್ಕೂಲು, ಕಾಲೇಜಿನವರ ದನಿ ಮುಳುಗಿ ಹೋಗ್ತದ ಅಂತಾನ. ಖರೇ ಇರಬಹುದು. ಆದ್ರ ಭಾಳ ಮಂದಿ ಇದ್ದಾರ ಅಂತ ಓಟು ಕೊಡಬಾರದು ಅನ್ನೂದು ಯಾವ ಗಣಿತ ಮಾಸ್ತರ ಲೆಕ್ಕ? ಡಿಗ್ರಿ ಇದ್ರ ಪದವೀಧರರ ಕ್ಷೇತ್ರದಾಗ ಹೆಸರು ಹಚ್ಚಬಹುದು, ಒಪ್ಪಿದೆ. ನಮ್ಮವ್ವಂದು ಟಿಸಿಎಚ್. ಅಕಿಗೆ ಆ ಬಾಗಲಾನೂ ಇಲ್ಲ.

ಹಂಗಂತ ಸರಕಾರ ಅಕಿನ್ನ ಮರತಿಲ್ಲ ಮತ್ತ. ಜನಗಣತಿಗೆ ಅವ್ವ ಬೇಕು. ಮತದಾರರ ಪಟ್ಟಿ ತಿದ್ದಾಕ ಬಿಸಲಾಗ ಮನಿಮನಿ ಅಡ್ಡಾಡಾಕ ಅವ್ವ ಬೇಕು. ವಿಧಾನಸಭಾ ಚುನಾವಣಿಗೆ ಹಿಂದಿನ ರಾತ್ರಿ ಬೂತಿನ ನೆಲದ ಮ್ಯಾಲ ಮಲಗಿ, ಬೆಳಿಗ್ಗೆ ಎದ್ದು ಮಂದಿ ಬೆರಳಿಗೆ ಶಾಯಿ ಹಚ್ಚಾಕೂ ಅವ್ವನ ಬೇಕು.

ಆ ಸಲ ಓಟು ಹಾಕಿ ಬಂದ ಕಾಕಾ ಬೆರಳು ತೋರಿಸಿ, "ವೈನಿ, ಅವರ ಕೊಟ್ಟ ನೇರಳಿ ಪೆನ್ನಿಲೇ 1 ಅಂತ ಬರಿಬೇಕ್ರಿ. ಟಿಕ್ ಹಾಕಿದ್ರ ಓಟು ಕೆಟ್ಟಂಗ" ಅಂದ.

ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. "ಒಂದು ಬರಿಯೂದು ಹೈಸ್ಕೂಲಿನ್ಯಾಗ ಕಲಸ್ತಾರೇನ್ರಿ ಮಾಸ್ತರ್ರ?" ಅಂದ್ಲು.

2028ಕ್ಕ ಮತ್ತ ಕಾರ್ಡು ಬರ್ತಾವ. ಅಷ್ಟೊತ್ತಿಗೆ ಅವ್ವ ರಿಟೈರ್ ಆಗಿರ್ತಾಳ.