ಎಚ್‌ಒಡಿ ಆರಿಸಿದ ಪ್ರತಿನಿಧಿ ಯಾರ ಪರ ಮಾತಾಡಬೇಕು?

ಕರ್ನಾಟಕದ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿ ಚುನಾವಣೆ ನಿಂತು ಮೂರು ದಶಕ ದಾಟಿದೆ. ಮತ್ತೆ ಶುರು ಮಾಡೋಣವೇ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಅದೇ ಹಳೇ ಜಾಡಿಗೆ ಬೀಳುತ್ತದೆ: ಪಕ್ಷಗಳು ಒಳಗೆ ಬರುತ್ತವೆ, ಹೊಡೆದಾಟ ಆಗುತ್ತೆ, ಜಾತಿ ರಾಜಕಾರಣ ನಡೆಯುತ್ತೆ. ಈ ಗದ್ದಲದಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿಸುವುದೇ ಇಲ್ಲ. ವಿವಿಯ ಅಧ್ಯಕ್ಷ ಯಾರಾಗಬೇಕು ಅನ್ನೋದು ಆಮೇಲಿನ ಮಾತು. ಐವತ್ತು ಅರವತ್ತು ಜನರಿರುವ ಒಂದು ಸ್ನಾತಕೋತ್ತರ ವಿಭಾಗದಲ್ಲಿ ಎಂಎ ವಿದ್ಯಾರ್ಥಿಗಳ, ಸಂಶೋಧಕರ ಪರವಾಗಿ ಮಾತಾಡುವವರು ಯಾರು? ಅವರನ್ನು ಅಲ್ಲಿ ಕೂರಿಸಿದ್ದು ಯಾರು?

ವಿಭಾಗವೇ ಯಾಕೆ ಮುಖ್ಯ ಅಂದರೆ, ಅಧಿಕಾರ ವಿದ್ಯಾರ್ಥಿಯ ಕುತ್ತಿಗೆಗೆ ಅತಿ ಹತ್ತಿರ ಇರುವುದು ಅಲ್ಲೇ. ಕುಲಪತಿಯನ್ನು ಬೈದು ಪೋಸ್ಟ್ ಹಾಕಬಹುದು, ಗೈಡ್‌ ಬಗ್ಗೆ ಹಾಗೆ ಬರೆಯೋಕಾಗಲ್ಲ. ಯುಜಿಸಿಯ 2022ರ ನಿಯಮದಂತೆ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕು. ಆ ಸಮಿತಿಯ ಸಂಚಾಲಕರು ಗೈಡೇ. ಜೆಆರ್‌ಎಫ್ ಇರುವವರು ಎರಡು ವರ್ಷದ ನಂತರ ಮೌಲ್ಯಮಾಪನ ದಾಟಿದರೆ ಮಾತ್ರ ತಿಂಗಳ 37,000 ರೂಪಾಯಿ 42,000 ಆಗುತ್ತದೆ. ಒಂದು ಸಹಿ ತಡವಾದರೆ ರೂಮ್ ಬಾಡಿಗೆ ನಿಲ್ಲುತ್ತದೆ. ಇಂಥ ಕಡೆ ಒಬ್ಬನೇ ಎದ್ದು ನಿಂತು ‘ಸರ್, ಇದು ಸರಿಯಿಲ್ಲ’ ಅನ್ನುವುದು ಧೈರ್ಯದ ಪ್ರಶ್ನೆ ಅಲ್ಲ, ಭವಿಷ್ಯದ ಪ್ರಶ್ನೆ.

ಹಾಗಾಗಿ ವಿಭಾಗದ ವಿದ್ಯಾರ್ಥಿ ಮಂಡಳಿಯ ಮೊದಲ ಕೆಲಸ ಫ್ರೆಷರ್ಸ್ ಡೇ ಮಾಡುವುದೂ ಅಲ್ಲ, ಬೀಳ್ಕೊಡುಗೆಗೆ ಚಂದಾ ಎತ್ತುವುದೂ ಅಲ್ಲ. ಒಬ್ಬರ ದೂರನ್ನು ಎಲ್ಲರ ದೂರಾಗಿ ಮಾಡುವುದು. ‘ಇಂಥವರು ಹೇಳಿದರು’ ಎಂಬುದರ ಬದಲು ‘ಮಂಡಳಿ ಹೇಳಿತು’ ಎಂದು ಕಡತದಲ್ಲಿ ದಾಖಲಾದರೆ ಹೆಸರು ಬಚಾವಾಗುತ್ತದೆ, ವಿಷಯ ಉಳಿಯುತ್ತದೆ.

ಈ ಕೆಲಸವನ್ನು ಎಚ್‌ಒಡಿ ಆರಿಸಿದ ಪ್ರತಿನಿಧಿ ಮಾಡಬಲ್ಲನೇ? ನಮ್ಮ ನಿಯಮಗಳೇ ಇಲ್ಲಿ ಒಂದಕ್ಕೊಂದು ತಿರುಗಿ ನಿಂತಿವೆ. 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ತಂದ ಲಿಂಗ್ಡೋ ಸಮಿತಿ ಶಿಫಾರಸುಗಳು, ವಾತಾವರಣ ತೀರಾ ಕೆಟ್ಟಿರುವ ಕಡೆ ತಾತ್ಕಾಲಿಕವಾಗಿ ನೇಮಕ ಮಾಡಬಹುದು ಎಂದವು. ಆದರೆ ಆ ನೇಮಕ ಬರೀ ಅಂಕದ ಮೇಲೆ ನಡೆಯದಿರಲಿ, ಐದು ವರ್ಷದೊಳಗೆ ಚುನಾವಣೆಗೆ ಬನ್ನಿ ಅಂತಲೂ ಹೇಳಿದವು. ಹದಿನೇಳು ವರ್ಷ ಆದ ಮೇಲೆ, ಯುಜಿಸಿಯ 2023ರ ಕುಂದುಕೊರತೆ ನಿಯಮ ಬಂತು. ದೂರು ಕೇಳುವ ಸಮಿತಿಯಲ್ಲಿ ಅಧ್ಯಾಪಕರದೇ ಪೂರ್ತಿ ಸದಸ್ಯತ್ವ. ವಿದ್ಯಾರ್ಥಿಗೆ ಇರುವುದು ಒಂದೇ ಕುರ್ಚಿ, ಅದೂ ‘ವಿಶೇಷ ಆಹ್ವಾನಿತ’ ಎಂಬ ಹಣೆಪಟ್ಟಿಯೊಂದಿಗೆ. ಆ ಕುರ್ಚಿಗೆ ಅರ್ಹತೆ ಓದು, ಆಟ ಅಥವಾ ಪಠ್ಯೇತರ ಚಟುವಟಿಕೆಯಲ್ಲಿನ ಸಾಧನೆ. ಕೋರಂ ಲೆಕ್ಕಕ್ಕೂ ಆ ವಿದ್ಯಾರ್ಥಿ ಬರಲ್ಲ. ಮೀಟಿಂಗ್‌ಗೆ ಅವರು ಬಂದರೂ ಒಂದೇ, ಬರದಿದ್ದರೂ ಒಂದೇ.

ಗೋಲ್ಡ್ ಮೆಡಲ್ ತಗೊಂಡವರು ಕೆಟ್ಟವರು ಅಂತಲ್ಲ. ಹಾಸ್ಟೆಲ್ ಊಟ, ತಡವಾದ ಸ್ಕಾಲರ್‌ಶಿಪ್, ಗೈಡ್ ಕಿರುಕುಳ ಅತಿ ಹೆಚ್ಚು ತಟ್ಟುವುದು ಹಿಂದಿನ ಬೆಂಚಿನವರಿಗೆ. ಅವರ ಮಾತು ಹೇಳಲು ಮೆರಿಟ್ ಲಿಸ್ಟ್ ಬೇಕಿಲ್ಲ, ಅವರ ಓಟು ಬೇಕು.

ಬೇರೆ ದಾರಿ ಇಲ್ಲವೇ? ದೆಹಲಿಯ ಜೆಎನ್‌ಯುನಲ್ಲಿ ಒಂದೊಂದು ಸೆಂಟರ್‌ನ ವಿದ್ಯಾರ್ಥಿ-ಅಧ್ಯಾಪಕ ಸಮಿತಿಗೆ ವಿದ್ಯಾರ್ಥಿಗಳೇ ಪ್ರತಿನಿಧಿಗಳನ್ನು ಚುನಾಯಿಸುವ ಪರಂಪರೆ ಇದೆ. ಅದೂ ಸುಲಭವಾಗಿ ಉಳಿದದ್ದಲ್ಲ. ಅಲ್ಲಿನ ವಿದ್ಯಾರ್ಥಿ ಸಂಘದ ಚುನಾವಣೆಯೇ ಲಿಂಗ್ಡೋ ನಿಯಮಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ 2008ರಲ್ಲಿ ನಿಂತು, 2012ರಲ್ಲಿ ಮತ್ತೆ ನಡೆಯಿತು.

ಲಿಂಗ್ಡೋ ಶಿಫಾರಸುಗಳನ್ನೂ ಹಾಗೇ ನುಂಗಬೇಕಿಲ್ಲ. ಸಂಶೋಧಕರು ಸ್ಪರ್ಧಿಸಲು 28 ವರ್ಷದ ಮಿತಿ ಇಟ್ಟಿದ್ದಾರೆ. ಅತಿಥಿ ಉಪನ್ಯಾಸಕರಾಗಿ ನಾಲ್ಕು ವರ್ಷ ದುಡಿದು, ಮನೆ ಸಾಲ ತೀರಿಸಿ, 29ಕ್ಕೆ ಪಿಎಚ್‌ಡಿ ಸೇರಿದವರು ಮೊದಲ ದಿನವೇ ಹೊರಗೆ. ತಡವಾಗಿ ಬರುವವರು ಬಹುಪಾಲು ಯಾರ ಮನೆಯ ಮಕ್ಕಳು ಅನ್ನೋದು ನಿಮಗೂ ಗೊತ್ತು. ವಿಭಾಗದ ಮಟ್ಟದಲ್ಲಿ ಈ ಮಿತಿಗೆ ಅರ್ಥವಿಲ್ಲ.

ಚುನಾವಣೆ ಮಾಡಿದರೆ ಎಲ್ಲ ಸರಿಹೋಗುತ್ತಾ? ಇಲ್ಲ. ಜಾತಿ ಲೆಕ್ಕಾಚಾರದ ಭಯ ಸುಳ್ಳಲ್ಲ. ಅರವತ್ತು ಜನರಲ್ಲಿ ಇಪ್ಪತ್ತೈದು ಜನ ಒಂದೇ ಗುಂಪಾದರೆ ಪ್ರತಿ ವರ್ಷ ಅವರದೇ ಮಂಡಳಿ. ಆದರೆ ಅದಕ್ಕೆ ಮದ್ದು ನೇಮಕ ಅಲ್ಲ. ನೇಮಕದಲ್ಲೂ ಜಾತಿ ಇರುತ್ತೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಮೀಸಲು ಸ್ಥಾನ ಇರಲಿ. ಎಂಎ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಬೇರೆ ಬೇರೆ ಸ್ಥಾನ ಇರಲಿ, ಯಾಕಂದ್ರೆ ಅವರ ಕಷ್ಟವೂ ಬೇರೆ, ಕಾಲವೂ ಬೇರೆ. ಎಂಎ ಎರಡೇ ವರ್ಷ. ಮಂಡಳಿ ರಚನೆಯಾಗಿ ಕೆಲಸ ಕಲಿಯುವಷ್ಟರಲ್ಲಿ ಪರೀಕ್ಷೆ ಬರುತ್ತೆ, ಹಳಬರು ಹೊರಡುತ್ತಾರೆ, ಹೊಸಬರು ಮತ್ತೆ ಒಂದರಿಂದ ಎಣಿಸಬೇಕು. ಸಂಶೋಧಕರಲ್ಲಿ ಅರ್ಧ ಸ್ಥಾನವನ್ನು ಎರಡು ವರ್ಷದ ಅವಧಿಗೆ ಕೊಟ್ಟರೆ ಮಂಡಳಿಗೆ ನೆನಪು ಉಳಿಯುತ್ತದೆ.

ಉಳಿದದ್ದು ಬೋರ್ ಹೊಡೆಸುವ ಸಣ್ಣಪುಟ್ಟ ನಿಯಮ. ಆದರೆ ಮಂಡಳಿ ಬದುಕುವುದು, ಸಾಯುವುದು ಅಲ್ಲೇ. ತಿಂಗಳಿಗೊಮ್ಮೆ ಎಚ್‌ಒಡಿ ಜೊತೆ ಸಭೆ, ದಿನಾಂಕ ಸೆಮಿಸ್ಟರ್ ಆರಂಭದಲ್ಲೇ ನಿಗದಿ. ಮೂರು ದಿನ ಮೊದಲೇ ವಿಷಯಪಟ್ಟಿ. ನಡಾವಳಿಗೆ ಎರಡೂ ಕಡೆಯ ಸಹಿ, ಅದರ ಪ್ರತಿ ನೋಟಿಸ್ ಬೋರ್ಡಿಗೆ. ದೂರು ಕೊಟ್ಟವರ ಹೆಸರು ನಡಾವಳಿಯಲ್ಲಿ ಬೇಡ. ಪ್ರತಿನಿಧಿಯ ಗೈಡೇ ಎಚ್‌ಒಡಿ ಆಗಿದ್ದರೆ ಅವರೊಬ್ಬರನ್ನೇ ಸಭೆಗೆ ಕಳಿಸಬೇಡಿ. ಸಂಗ್ರಹಿಸಿದ ಪ್ರತಿ ರೂಪಾಯಿಯ ಲೆಕ್ಕ ಎಲ್ಲರಿಗೂ ಕಾಣಲಿ. ಮೂರನೇ ಒಂದು ಭಾಗ ಸಹಿ ಹಾಕಿದರೆ ಪ್ರತಿನಿಧಿಯನ್ನು ವಾಪಸ್ ಕರೆಸುವ ಮತದಾನ ನಡೆಯಲಿ. ನಮ್ಮವನೇ ಆದರೂ ಕುರ್ಚಿ ಸಿಕ್ಕ ಮೇಲೆ ಯಾರ ಕಡೆ ತಿರುಗುತ್ತಾನೋ ಹೇಳೋಕಾಗಲ್ಲ.

ಇಷ್ಟಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಒಂದು ವಿಭಾಗದ ವಿದ್ಯಾರ್ಥಿಗಳು ಒಟ್ಟಿಗೆ ಕೂತು, ಎರಡು ಪುಟದ ನಿಯಮಾವಳಿ ಬರೆದು, ಗುಪ್ತ ಮತದಾನ ಮಾಡಿ, ‘ಇವರು ನಮ್ಮ ಪ್ರತಿನಿಧಿಗಳು’ ಎಂದು ಎಚ್‌ಒಡಿಗೆ ಪತ್ರ ಕೊಡಬಹುದು. ಅವರು ಒಪ್ಪದಿದ್ದರೆ, ಯಾಕೆ ಒಪ್ಪುವುದಿಲ್ಲ ಎಂದು ಬರಹದಲ್ಲಿ ಕೇಳಿ. ಆ ಉತ್ತರವೇ ನಿಮ್ಮ ಮಂಡಳಿಯ ಮೊದಲ ದಾಖಲೆ.