ಬೂದು ಕ್ಯಾನುಲಾದ ಭೌತಶಾಸ್ತ್ರ

ಅಪಘಾತದಲ್ಲಿ ರಕ್ತ ಕಳೆದುಕೊಂಡವರನ್ನು ಕ್ಯಾಶುವಾಲ್ಟಿಗೆ ತಂದಾಗ ಅನುಭವಿ ಸಿಸ್ಟರ್ ಟ್ರೇಯಲ್ಲಿ ಹುಡುಕುವುದು ಬೂದು ಬಣ್ಣದ ಕ್ಯಾನುಲಾವನ್ನು, ಅದಿಲ್ಲದಿದ್ದರೆ ಹಸಿರನ್ನು. ವಾರ್ಡಿನಲ್ಲಿ ದಿನವೂ ಬಳಸುವ ಗುಲಾಬಿಯತ್ತ ಆಗ ಕೈ ಹೋಗುವುದಿಲ್ಲ. ಗುಲಾಬಿ 20 ಗೇಜ್, ಹಸಿರು 18, ಬೂದು 16; ಸಂಖ್ಯೆ ಇಳಿದಷ್ಟೂ ನಳಿಕೆ ದಪ್ಪ. ನರ್ಸಿಂಗ್ ವಿದ್ಯಾರ್ಥಿಗಳು ಇದನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ. ಪಿಯುಸಿಯಲ್ಲಿ ಓದಿದ ಸ್ನಿಗ್ಧತೆಗೂ ಈ ಬಣ್ಣಗಳಿಗೂ ನಂಟಿದೆ ಎಂದು ಅವರಿಗೆ ಹೇಳುವವರು ಕಡಿಮೆ.

ನಳಿಕೆಯಲ್ಲಿ ದ್ರವ ಶಾಂತವಾಗಿ ಹರಿಯುವಾಗ ಅದರ ಹರಿವು ತ್ರಿಜ್ಯದ ನಾಲ್ಕನೇ ಘಾತವನ್ನು ಅನುಸರಿಸುತ್ತದೆ. ತ್ರಿಜ್ಯ ಇಮ್ಮಡಿಯಾದರೆ ಹರಿವು 16 ಪಟ್ಟು; ರಕ್ತನಾಳದ ತ್ರಿಜ್ಯ ಐದನೇ ಒಂದರಷ್ಟು ಕುಗ್ಗಿದರೂ ಹರಿವು ಅರ್ಧಕ್ಕಿಂತ ಕೆಳಗೆ. ಇದನ್ನು ಕಂಡುಕೊಂಡವರಲ್ಲಿ ಒಬ್ಬ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಓದಿದ ಝಾನ್ ಪ್ವಾಸೇ. 1828ರ ತನ್ನ ಪ್ರಬಂಧಕ್ಕಾಗಿ ಪಾದರಸ ತುಂಬಿದ ಬಾಗಿದ ಕೊಳವೆಯಿಂದ ಪ್ರಾಣಿಗಳ ರಕ್ತದೊತ್ತಡ ಅಳೆದವನು ಅವನೇ. ಲೋಮನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆ. ರಕ್ತ ಹೆಪ್ಪುಗಟ್ಟುತ್ತದೆ, ಹಾಗಾಗಿ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1839ರಲ್ಲಿ, ಜರ್ಮನಿಯ ಎಂಜಿನಿಯರ್ ಹಾಗೆನ್ ಕೂಡ ಇದೇ ನಿಯಮ ಮುಟ್ಟಿದ್ದ. ಮೈಯ ಪ್ರಶ್ನೆಯಿಂದ ಹೊರಟ ನಿಯಮ ಪಠ್ಯಪುಸ್ತಕ ಸೇರುವ ಹೊತ್ತಿಗೆ ಮೈಯನ್ನೇ ಕಳೆದುಕೊಂಡಿತು. ಶಕ್ತಿಸಂರಕ್ಷಣೆಯದೂ ಇಂಥದೇ ಕಥೆ: 1840ರಲ್ಲಿ ಜಾವಾಕ್ಕೆ ಹೋದ ಹಡಗಿನ ವೈದ್ಯ ಮೇಯರ್, ನಾವಿಕರ ಅಭಿಧಮನಿಯ ರಕ್ತ ಅಷ್ಟೊಂದು ಕೆಂಪಗೇಕಿದೆ ಎಂದು ಯೋಚಿಸತೊಡಗಿದ್ದೇ ಅದರ ಒಂದು ಆರಂಭ.

ಆದ್ದರಿಂದ ನರ್ಸಿಂಗ್, ಫಿಸಿಯೋಥೆರಪಿ, ಇಮೇಜಿಂಗ್ ಓದುವವರಿಗೆ ದೇಹದ ಮೂಲಕವೇ ಭೌತಶಾಸ್ತ್ರ ಕಲಿಸಬೇಕು ಎನ್ನುವುದು ಹೊಸ ಫ್ಯಾಷನ್ನಲ್ಲ. ಫ್ಯಾಷನ್ ಇರುವುದು ಬೇರೆ ಕಡೆ. ಇಳಿಜಾರಿನಲ್ಲಿ ಜಾರುತ್ತಿದ್ದ ಪೆಟ್ಟಿಗೆಯನ್ನು ತೆಗೆದು ಅಲ್ಲಿ ವ್ಹೀಲ್‌ಚೇರ್ ಇಟ್ಟು, ಲೆಕ್ಕವನ್ನು ಮಾತ್ರ ಹಾಗೇ ಉಳಿಸಿಕೊಳ್ಳುವುದು. ಇದರಿಂದ ಯಾರ ಕೆಲಸವೂ ಸುಧಾರಿಸುವುದಿಲ್ಲ.

ಬದಲಿಗೆ ಎರಡು ಪೊಟ್ಟಣಗಳನ್ನೇ ತರಗತಿಗೆ ತನ್ನಿ. ಕಂಪನಿಯಿಂದ ಕಂಪನಿಗೆ ತುಸು ಹೆಚ್ಚುಕಡಿಮೆ ಇದ್ದರೂ ಗುಲಾಬಿಯ ಹೊರವ್ಯಾಸ 1.1 ಮಿಲಿಮೀಟರ್, ಬೂದಿನದು 1.7. ನಾಲ್ಕನೇ ಘಾತ ಹಾಕಿದರೆ ಬೂದಿನಲ್ಲಿ ಐದೂವರೆ ಪಟ್ಟಿಗೂ ಮೀರಿ ಹರಿಯಬೇಕು. ತಯಾರಕರು ಕೊಡುವ ಲೆಕ್ಕ ಬೇರೆ: ಗುಲಾಬಿಗೆ ನಿಮಿಷಕ್ಕೆ ಸುಮಾರು 60 ಮಿಲಿಲೀಟರ್, ಬೂದಿಗೆ 180ರಿಂದ 200. ಮೂರು ಪಟ್ಟು, ಅಷ್ಟೇ. ಸೂತ್ರ ಸುಳ್ಳೇ? ನಿಜವಾದ ಪಾಠ ಇಲ್ಲಿಂದ ಶುರು. ಹರಿಯುವುದು ಒಳಗಿನ ರಂಧ್ರದಲ್ಲಿ, ನಾವು ಲೆಕ್ಕ ಹಾಕಿದ್ದು ಹೊರಗಿನ ಅಳತೆಯಿಂದ. ಬೂದು ಕ್ಯಾನುಲಾ ಸಾಮಾನ್ಯವಾಗಿ ಉದ್ದವೂ ಹೆಚ್ಚು. ಉದ್ದ ಬೆಳೆದರೆ ಹರಿವು ಇಳಿಯುತ್ತದೆ. ಅಷ್ಟು ವೇಗದಲ್ಲಿ ದ್ರವ ಶಾಂತವಾಗಿಯೂ ಹರಿಯುವುದಿಲ್ಲ, ಸುಳಿಯೇಳುತ್ತದೆ. ಪ್ವಾಸೇಯ ನಿಯಮಕ್ಕೆ ಸುಳಿ ಆಗಿಬರದು. ಸೂತ್ರ ಎಲ್ಲಿ ಸೋಲುತ್ತದೆ ಎಂದು ಬಲ್ಲ ವಿದ್ಯಾರ್ಥಿಗೆ ಅದನ್ನು ಎಲ್ಲಿ ನಂಬಬಹುದು ಎಂಬುದೂ ತಿಳಿದಿರುತ್ತದೆ. ನಮ್ಮ ಗೈಡ್ ಪುಸ್ತಕಗಳು ಉತ್ತರ ತಾಳೆಯಾಗುವ ಲೆಕ್ಕಗಳನ್ನಷ್ಟೇ ಆರಿಸಿ ಕೊಡುತ್ತವೆ.

ಬಿಪಿಯ ವಿಷಯ ಇನ್ನೂ ಹತ್ತಿರದ್ದು. 13 ಸೆಂಟಿಮೀಟರ್ ಎತ್ತರದ ರಕ್ತದ ಕಂಬ ಹೆಚ್ಚುಕಡಿಮೆ 10 ಮಿಲಿಮೀಟರ್ ಪಾದರಸಕ್ಕೆ ಸಮ. ತೋಳಿನ ಪಟ್ಟಿ ಹೃದಯದ ಮಟ್ಟಕ್ಕಿಂತ ಅಷ್ಟು ಕೆಳಗಿದ್ದರೆ, ನಿಜವಾದ 132 ಚೀಟಿಯಲ್ಲಿ 142 ಆಗುತ್ತದೆ. ಅಧಿಕ ರಕ್ತದೊತ್ತಡದ ಗೆರೆ ಸಾಮಾನ್ಯವಾಗಿ ಇರುವುದು 140ಕ್ಕೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಕೈ ಇಡಲು ಮೇಜಿನ ಅಂಚೂ ಸಿಗದೆ ತೋಳು ಜೋತುಬಿಟ್ಟು ಕೂತವರನ್ನು ಯಾರು ನೋಡಿಲ್ಲ? ಡ್ರಿಪ್ ಬಾಟಲಿ ಹಿಡಿದು ಶೌಚಾಲಯಕ್ಕೆ ಹೊರಟ ರೋಗಿ ಕೈ ಕೆಳಗಿಳಿಸಿದರೆ ಕೊಳವೆಯೊಳಗೆ ರಕ್ತ ವಾಪಸು ಬರುವುದೂ ಇದೇ ಕಾರಣಕ್ಕೆ. ಜೊತೆಗಿದ್ದವರು ‘ಮೇಲೆ ಹಿಡೀರಿ’ ಎಂದು ಕೂಗುವಾಗ ಹೇಳುತ್ತಿರುವುದು ದ್ರವಸ್ಥಿತಿಶಾಸ್ತ್ರವನ್ನೇ. ಒತ್ತಡವೆಂದರೆ ಎತ್ತರ ಎಂಬುದನ್ನು ಹಳೆಯ ಪಾದರಸದ ಬಿಪಿ ಉಪಕರಣ ಕಣ್ಣೆದುರೇ ತೋರಿಸುತ್ತಿತ್ತು. 2013ರ ಮಿನಮಾಟಾ ಒಪ್ಪಂದದ ನಂತರ ಅದು ಮೂಲೆ ಸೇರುತ್ತಿದೆ. ಪಾದರಸ ವಿಷ, ಹೋಗಬೇಕಾದ್ದೇ. ಆದರೆ ಡಿಜಿಟಲ್ ಯಂತ್ರ ಅಂಕಿಯನ್ನಷ್ಟೇ ತೋರಿಸುತ್ತದೆ, ಕಂಬವನ್ನಲ್ಲ. ಆ ನಷ್ಟವನ್ನು ಮೇಷ್ಟ್ರು ನೀರಿನ ಕೊಳವೆ ಹಿಡಿದಾದರೂ ತುಂಬಿಕೊಡಬೇಕು.

ಸನ್ನೆಗೋಲಿನ ಪಾಠಕ್ಕೆ ರೋಗಿಯನ್ನು ಹಾಸಿಗೆಯಿಂದ ಟ್ರಾಲಿಗೆ ಸರಿಸುವ ಕೆಲಸವೇ ಸಾಕು. ಬೆನ್ನುಮೂಳೆಯಿಂದ ಅರ್ಧ ಮೀಟರ್ ದೂರದಲ್ಲಿ 20 ಕೆ.ಜಿ. ಹಿಡಿದರೆ, ಐದು ಸೆಂಟಿಮೀಟರ್ ಅಂತರದಲ್ಲಿ ಎಳೆಯುವ ಬೆನ್ನಿನ ಸ್ನಾಯುವಿಗೆ 200 ಕೆ.ಜಿ.ಯ ಭಾರ. ನರ್ಸುಗಳ ಬೆನ್ನುನೋವು ಈ ಗುಣಾಕಾರದಲ್ಲೂ ಇದೆ.

ಪ್ರಶ್ನೆಪತ್ರಿಕೆ ಬದಲಾಗದೆ ಇದೆಲ್ಲ ನಡೆಯದು. ಬಿಪಿ 142 ಎಂದಿರುವ ಕೇಸ್ ಶೀಟ್ ಕೊಟ್ಟು, ಮಾತ್ರೆ ಶುರುವಾಗುವ ಮೊದಲು ಏನೇನು ವಿಚಾರಿಸುತ್ತೀರಿ, ಏನನ್ನು ಮತ್ತೆ ಅಳೆಯುತ್ತೀರಿ ಎಂದು ಕೇಳಿದರೆ ಮೌಲ್ಯಮಾಪಕರಿಗೆ ಕಷ್ಟ. ಒಂದೇ ಉತ್ತರ ಇರುವುದಿಲ್ಲ. ಮಾದರಿ ಉತ್ತರ ತಯಾರಿಸಲು ಭೌತಶಾಸ್ತ್ರದ ಮೇಷ್ಟ್ರ ಜೊತೆ ವಾರ್ಡಿನ ಸಿಸ್ಟರೊಬ್ಬರು ಕೂರಬೇಕಾಗುತ್ತದೆ. ಪಾಠಕ್ಕೂ ಅವರು ಬರಲಿ.